ಕಿನ್ನರ ಕಥೆಗಳ ಮೂಲಕ ಮಗುವಿನ ಮನಸ್ಸನ್ನು ಮಾತನಾಡಿಸುವುದು ಹೇಗೆ?

ದಿಗಿಲು, ಹೊಟ್ಟೆಕಿಚ್ಚು, ಒಂಟಿತನ, ದೊಡ್ಡವರು ತನ್ನನ್ನು ಬಿಟ್ಟುಹೋದಾರೆಂಬ ಅಳುಕು, ಇವೆಲ್ಲವೂ ನಾಲ್ಕು ವರ್ಷದ ಮಗುವಿನ ಅನುಭವಕ್ಕೆ ಬಂದಿರುತ್ತವೆ. ಅವುಗಳನ್ನು ಹೇಳಿಕೊಳ್ಳುವ ಮಾತು ಮಾತ್ರ ಇನ್ನೂ ಕೂಡಿಬಂದಿರುವುದಿಲ್ಲ. 'ನಿನಗೇನಾಗಿದೆ?' ಎಂದು ನೇರವಾಗಿ ಕೇಳಿದರೆ 'ಏನಿಲ್ಲ' ಎಂದು ಮುಖ ತಿರುಗಿಸುವ ಮಗು, ಕಾಡಿನಲ್ಲಿ ದಾರಿ ತಪ್ಪಿದ ಹುಡುಗನಿಗೆ ಹೇಗನಿಸಿರಬಹುದು ಎಂದು ಕೇಳಿದಾಗ ತಾನಾಗಿಯೇ ಬಾಯಿಬಿಡುತ್ತದೆ. ಈ ಮಾತಿಗೆ ದಾರಿ ಮಾಡಿಕೊಡುವುದು ಹೇಗೆಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲು ಕಥೆಯ ಆಯ್ಕೆ

ಮಗುವನ್ನು ಕಾಡುತ್ತಿರುವ ಭಾವನೆ ಇರುವ, ಆದರೆ ಅದರ ಮನೆಯ ಪರಿಸ್ಥಿತಿಯನ್ನೇ ಕನ್ನಡಿಯಂತೆ ತೋರಿಸದ ಕಥೆಯನ್ನು ಆರಿಸಿಕೊಳ್ಳಬೇಕು. ತಮ್ಮನೋ ತಂಗಿಯೋ ಹುಟ್ಟಿದ ಮೇಲೆ ಮುನಿಸಿಕೊಂಡಿರುವ ಮಗುವಿಗೆ ಕೂಸಿನ ಕಥೆಯನ್ನೇ ಹೇಳಿದರೆ ಅದು ಬುದ್ಧಿವಾದವೆಂದು ಥಟ್ಟನೆ ತಿಳಿದುಬಿಡುತ್ತದೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಿರಿಯ ಮಗ ಕೊನೆಗೆ ರಾಜ್ಯವನ್ನೇ ಗೆಲ್ಲುವ ಕಥೆ ಅದಕ್ಕಿಂತ ಹೆಚ್ಚು ಹಿಡಿಸುತ್ತದೆ. ಮೂರು ನಾಲ್ಕು ವರ್ಷದವರಿಗೆ ಒಂದೇ ಮಾತು ಮರುಕಳಿಸುವ ಚಿಕ್ಕ ಕಥೆಗಳು ಸಾಕು. ಮಾಟಗಾತಿ, ಕಾಡು, ಅಗಲಿಕೆ ಇರುವ ಉದ್ದನೆಯ ಕಥೆಗಳನ್ನು ಐದಾರು ವರ್ಷದ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೈಯಲ್ಲಿರುವುದು ಕಥೆಯ ಯಾವ ರೂಪ ಎಂಬುದನ್ನೂ ಮುಂಚೆಯೇ ಓದಿ ನೋಡಿಕೊಳ್ಳಬೇಕು. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಪ್ರಕಟಿಸಿದ ಕೆಂಪು ಟೋಪಿಯ ಹುಡುಗಿಯ ಕಥೆ, ತೋಳವು ಹುಡುಗಿಯನ್ನು ನುಂಗುವಲ್ಲಿಗೇ ಮುಗಿದುಹೋಗುತ್ತದೆ. ಜರ್ಮನಿಯ ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲಿ ಬೇಟೆಗಾರನೊಬ್ಬ ತೋಳದ ಹೊಟ್ಟೆಯನ್ನು ಸೀಳಿ ಅಜ್ಜಿಯನ್ನೂ ಮೊಮ್ಮಗಳನ್ನೂ ಜೀವಂತವಾಗಿ ಹೊರತರುತ್ತಾನೆ. ಹೆದರಿದ ಮಗುವಿಗೆ ಈ ಎರಡನೆಯದೇ ಬೇಕು. ಅದೇ ಸಂಗ್ರಹದ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ, ಅಪ್ಪ ಕಾಡಿನಲ್ಲಿ ಬಿಟ್ಟುಬಂದ ಅಣ್ಣ ತಂಗಿ ಮೊದಲ ಸಲ ದಾರಿಯಲ್ಲಿ ಉದುರಿಸಿದ್ದ ಬೆಣಚುಕಲ್ಲುಗಳ ಗುರುತಿನಿಂದ ಮನೆಗೆ ಮರಳುತ್ತಾರೆ. ಎರಡನೆಯ ಸಲ ಉದುರಿಸಿದ ಬ್ರೆಡ್ಡಿನ ಚೂರುಗಳನ್ನು ಹಕ್ಕಿಗಳು ತಿಂದುಬಿಡುವುದರಿಂದ ದಾರಿ ತಪ್ಪಿ ಮಾಟಗಾತಿಯ ಕೈಗೆ ಸಿಕ್ಕಿ, ಕೊನೆಗೆ ಪಾರಾಗಿ ಮನೆ ಸೇರುತ್ತಾರೆ. ಇದರಲ್ಲಿ ಮಕ್ಕಳನ್ನು ಕಾಡಿಗೆ ಬಿಡಿಸುವವಳು ಮೊದಲ ಆವೃತ್ತಿಯಲ್ಲಿ ಹೆತ್ತ ತಾಯಿಯೇ ಆಗಿದ್ದಳು. ಮುಂದಿನ ಆವೃತ್ತಿಗಳಲ್ಲಿ ಗ್ರಿಮ್ ಸಹೋದರರೇ ಅವಳನ್ನು ಮಲತಾಯಿಯನ್ನಾಗಿ ಬದಲಿಸಿದರು. ಮಲತಾಯಿಯೊಂದಿಗೆ ಬೆಳೆಯುತ್ತಿರುವ ಮಗುವಿನ ಮುಂದೆ ಆ ಪಾತ್ರವನ್ನು 'ಒಬ್ಬ ಕಠಿಣ ಹೆಂಗಸು' ಎಂದಷ್ಟೇ ಹೇಳಿದರೆ ಕಥೆಗೆ ಯಾವ ನಷ್ಟವೂ ಇಲ್ಲ.

ನಂತರ ಹೇಳುವ ಬಗೆ

ಪುಸ್ತಕ ನೋಡಿ ಓದಬಹುದು. ಆದರೆ ಮಗುವಿನ ಮುಖ ನೋಡುತ್ತಾ ಬಾಯಲ್ಲಿ ಹೇಳಿದರೆ ಎಲ್ಲಿ ನಿಧಾನಿಸಬೇಕು, ಎಲ್ಲಿ ಬೇಗ ದಾಟಬೇಕು ಎಂಬುದು ಹೇಳುವವರಿಗೇ ತಿಳಿಯುತ್ತದೆ. ಮಗು ಕಿವಿ ಮುಚ್ಚಿಕೊಂಡರೆ 'ಕೊನೆಗೆ ಇಬ್ಬರೂ ಮನೆ ಸೇರುತ್ತಾರೆ' ಎಂದು ಮೊದಲೇ ಹೇಳಿಬಿಡಿ. ಭಯದ ಘಟ್ಟದಲ್ಲಿ ಕಥೆಯನ್ನು ನಿಲ್ಲಿಸಿ, ಉಳಿದದ್ದು ನಾಳೆಗೆ ಎಂದು ದೀಪ ಆರಿಸಬಾರದು. ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸರಪಟ್ಟುಕೊಳ್ಳದೆ ಹೇಳಬೇಕು, ಏಕೆಂದರೆ ಮುಂದೇನಾಗುತ್ತದೆ ಎಂಬುದು ಗೊತ್ತಿರುವುದರಿಂದಲೇ ಮಗು ಧೈರ್ಯವಾಗಿ ಆ ಭಯದ ಹತ್ತಿರ ಹೋಗಿಬರುತ್ತದೆ.

ಕಥೆ ಮುಗಿದ ಮೇಲಿನ ಮಾತು

ಇಡೀ ಪ್ರಯತ್ನದಲ್ಲಿ ಅತ್ಯಂತ ಮುಖ್ಯವಾದ ಮತ್ತು ದೊಡ್ಡವರು ಅತ್ಯಂತ ಸುಲಭವಾಗಿ ಕೆಡಿಸಿಬಿಡುವ ಹಂತವಿದು. 'ಈ ಕಥೆಯ ನೀತಿ ಏನು?' ಎಂಬ ಪ್ರಶ್ನೆ ಬೇಡ. ಅದನ್ನು ಕೇಳಿದೊಡನೆ ಮಗು ತನ್ನ ಮನಸ್ಸಿನಲ್ಲಿರುವುದನ್ನು ಬಿಟ್ಟು ನಮಗೆ ಬೇಕಾದ ಉತ್ತರವನ್ನು ಹುಡುಕತೊಡಗುತ್ತದೆ. ಪ್ರಶ್ನೆಗಳು ಪಾತ್ರದ ಬಗ್ಗೆಯೇ ಇರಲಿ. 'ಗೂಡಿನಲ್ಲಿ ಕೂಡಿಹಾಕಿದಾಗ ಹ್ಯಾನ್ಸೆಲ್ ಏನು ಯೋಚಿಸುತ್ತಿದ್ದ?' 'ಗ್ರೆಟೆಲ್ ಯಾರನ್ನು ಕರೆಯಬೇಕೆಂದುಕೊಂಡಳು?' ಎಂದು ಒಂದೊಂದಾಗಿ ಕೇಳಿ, ಮಗು ಯೋಚಿಸುವಷ್ಟು ಹೊತ್ತು ಸುಮ್ಮನಿರಬೇಕು.

'ಗ್ರೆಟೆಲ್‌ಗೆ ಅಪ್ಪನ ಮೇಲೆ ಕೋಪ' ಎಂದು ಮಗು ಹೇಳಿದರೆ 'ಹಾಗೆಲ್ಲ ಕೋಪ ಮಾಡಿಕೊಳ್ಳಬಾರದು' ಎಂದು ತಿದ್ದಬಾರದು. 'ಓಹೋ, ನಿನಗೂ ನನ್ನ ಮೇಲೆ ಕೋಪವೇ?' ಎಂದು ಹಿಡಿದು ಹಾಕಲೂಬಾರದು. 'ಹೌದು, ಕೋಪ ಬಂದಿರಬಹುದು. ಕೋಪದ ಜೊತೆಗೆ ಇನ್ನೇನಾದರೂ ಇತ್ತೇ?' ಎಂದರೆ ಸಾಕು. ಕೋಪದ ಅಡಿಯಲ್ಲಿದ್ದ ಭಯವೋ ದುಃಖವೋ ಆಗ ಹೆಸರು ಪಡೆದು ಹೊರಬರಬಹುದು. ಅದು ತನ್ನದೇ ಭಾವನೆ ಎಂದು ಒಪ್ಪಿಕೊಳ್ಳುವ ಹೊತ್ತನ್ನು ಮಗುವೇ ಆರಿಸಿಕೊಳ್ಳಲಿ. ಆ ಹೊತ್ತು ಬರದಿದ್ದರೂ ಚಿಂತೆಯಿಲ್ಲ.

ಕಲಿಕೆಗೆ ಜೋಡಿಸುವುದು

ಇದೇ ಬಗೆಯ ಪ್ರಶ್ನೆಗಳು ಭಾಷೆಯನ್ನೂ ಬೆಳೆಸುತ್ತವೆ. ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ ಓದುವಾಗ ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆಗಳನ್ನು ಕಡಿಮೆ ಮಾಡಿ, 'ಏನು, ಏಕೆ' ಎಂದು ಕೇಳುತ್ತಾ ಮಗುವಿನ ಉತ್ತರವನ್ನು ಹಿಗ್ಗಿಸಿದರೆ ಮಾತುಗಾರಿಕೆ ಬೆಳೆಯುತ್ತದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಬೆಣಚುಕಲ್ಲು, ಬ್ರೆಡ್ಡಿನ ಚೂರು, ಮಾಟಗಾತಿಯ ಮನೆ, ಹಿಂದಿರುಗುವ ದಾರಿ, ಹೀಗೆ ನಾಲ್ಕು ಚಿತ್ರ ಬರೆಸಿ ಕ್ರಮವಾಗಿ ಜೋಡಿಸಲು ಹೇಳಿದರೆ ಘಟನೆಗಳ ಮುಂದುಹಿಂದು, ಕಾರಣ ಮತ್ತು ಪರಿಣಾಮಗಳು ಅರ್ಥವಾಗುತ್ತವೆ. ಚೂರುಗಳನ್ನು ಹಕ್ಕಿ ತಿನ್ನದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿ, ಬೇರೊಂದು ಮುಕ್ತಾಯವನ್ನು ಮಗುವೇ ಕಟ್ಟಲಿ.

ಕಥೆ ಸಾಲದಿರುವಾಗ

ಕಥೆ ಚಿಕಿತ್ಸೆಯಲ್ಲ. ನಿದ್ರೆ ಕೆಟ್ಟು, ಊಟ ಬಿಟ್ಟು, ಶಾಲೆಗೆ ಹೋಗಲಾರದಷ್ಟು ಭಯವು ವಾರಗಟ್ಟಲೆ ಮುಂದುವರಿದರೆ, ಅಥವಾ ಮಗು ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡಿದರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ತಡಮಾಡದೆ ಕಾಣಬೇಕು. ಯಾರಾದರೂ ತನ್ನನ್ನು ಹಿಂಸಿಸುತ್ತಿರುವುದನ್ನು ಪಾತ್ರದ ಹೆಸರಿನಲ್ಲಿ ಹೇಳುತ್ತಿದೆ ಎನಿಸಿದರೆ, ಪ್ರಶ್ನೆಗಳನ್ನು ಬೆಳೆಸದೆ ಮಗುವಿನ ಮಾತುಗಳನ್ನು ಇದ್ದಂತೆಯೇ ಬರೆದಿಟ್ಟುಕೊಂಡು ಅಂದೇ ತಜ್ಞರ ನೆರವು ಪಡೆಯಬೇಕು. ಅವರನ್ನು ಕಾಣುವಾಗ ಮಗು ಬರೆದ ಚಿತ್ರಗಳನ್ನೂ, ಅದು ಮತ್ತೆ ಮತ್ತೆ ಕೇಳುತ್ತಿದ್ದ ಕಥೆ ಯಾವುದೆಂಬ ವಿವರವನ್ನೂ ಜೊತೆಗೆ ಕೊಂಡೊಯ್ಯಿರಿ.