ಮೇಲ್‌ಗೆ ನನ್ನದೇ ನಾಲ್ಕು ಪದ ಸೇರಿಸಿ ಇಡುತ್ತೇನೆ

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ಮನೆಯ ಸಂಪಿನ ಮೋಟರ್ ಸುಟ್ಟುಹೋಯಿತು. ವಾರಂಟಿ ಇನ್ನೂ ಇತ್ತು. ಬಿಲ್ ಮೇಲ್‌ನಲ್ಲಿ ಬಂದಿದ್ದೂ ನೆನಪಿತ್ತು. ಆದರೆ ಜಿಮೇಲ್‌ನಲ್ಲಿ ‘ಬಿಲ್’ ಅಂತ ಹುಡುಕಿದರೆ ಕರೆಂಟು, ಫೋನು, ಊಟದ ಆರ್ಡರು ಎಲ್ಲದರ ಬಿಲ್ಲೂ ಬಂತು. ‘ಮೋಟರ್’ ಅಂದರೆ ಗಾಡಿಯ ಇನ್ಶೂರೆನ್ಸ್ ಬಂತು. ಟ್ಯಾಂಕಿನಲ್ಲಿ ನೀರಿಲ್ಲ. ಅಮ್ಮ ಕೊಡ ಹಿಡಿದು ಪಕ್ಕದ ಮನೆಗೆ ಹೋಗಿದ್ದರು. ನನಗೆ ತುಂಬಾ ಸಂಕಟವಾಯಿತು.

ಕೊನೆಗೆ ದಾರಿ ತೋರಿಸಿದ್ದು ಅಮ್ಮನೇ. ‘ಯುಗಾದಿಗೆ ಮುಂಚೆ ಹಾಕಿಸಿದ್ದಲ್ವಾ’ ಅಂದರು. ಹುಡುಕುವ ಜಾಗದ ಬಲತುದಿಯಲ್ಲಿರುವ ಗುರುತು ಒತ್ತಿದರೆ ತಾರೀಖು ಕೊಡಬಹುದು. ಅಟ್ಯಾಚ್‌ಮೆಂಟ್ ಇರುವ ಮೇಲ್ ಮಾತ್ರ ಬೇಕು ಅಂತಲೂ ಹೇಳಬಹುದು. ಆ ಒಂದು ತಿಂಗಳನ್ನು ಕೊಟ್ಟೆ, ಸಿಕ್ಕಿತು. ಅಂಗಡಿಯವರ ಮೇಲ್‌ಗೆ ಸಬ್ಜೆಕ್ಟೇ ಇರಲಿಲ್ಲ, ಒಳಗೆ ಒಂದು ಅಕ್ಷರವೂ ಇರಲಿಲ್ಲ. ಬರೀ ಬಿಲ್ಲಿನ ಮಸುಕಾದ ಫೋಟೋ. ‘ಮೋಟರ್’ ಅನ್ನೋ ಪದವೇ ಇಲ್ಲದ ಕಡೆ ಆ ಪದ ಹುಡುಕಿದರೆ ಹೇಗೆ ಸಿಗಬೇಕು?

ಮುಂಚೆ ನಾನು ಮನೆ, ಬ್ಯಾಂಕು, ಆಸ್ಪತ್ರೆ ಅಂತ ಲೇಬಲ್ ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ಅದು ನಿಂತುಹೋಯಿತು. ಈಗ ಮಾಡುವುದು ಒಂದೇ ಕೆಲಸ. ಮುಂದೆ ಬೇಕಾಗುತ್ತದೆ ಅನ್ನಿಸಿದ ಮೇಲ್ ಬಂದ ತಕ್ಷಣ ಅದನ್ನು ನನಗೇ ಫಾರ್ವರ್ಡ್ ಮಾಡುತ್ತೇನೆ. ಮೇಲ್ಗಡೆ ನಾಲ್ಕು ಪದ ಬರೆಯುತ್ತೇನೆ: ‘ಸಂಪ್ ಮೋಟರ್ ಬಿಲ್ ವಾರಂಟಿ’. ನಾಳೆ ಅವಸರದಲ್ಲಿ ನನ್ನ ಬಾಯಿಗೆ ಬರುವ ಪದಗಳೇ ಅಲ್ಲಿರಬೇಕು, ಕಂಪನಿಯವರ ಪದಗಳಲ್ಲ.

ಕನ್ನಡದಲ್ಲಿ ಬರೆಯುವಾಗ ಒಂದು ವಿಷಯ ಗಮನಿಸಿದೆ. ಜಿಮೇಲ್ ಇಡೀ ಪದವನ್ನೇ ನೋಡುತ್ತದೆ. ‘ಮೋಟರಿನ’ ಅಂತ ಬರೆದಿಟ್ಟು ‘ಮೋಟರ್’ ಅಂತ ಹುಡುಕಿದರೆ ಸಿಗುತ್ತದೆ ಅನ್ನೋ ನಂಬಿಕೆ ಇಲ್ಲ. ಅದಕ್ಕೇ ‘ಇನ’, ‘ಅಲ್ಲಿ’, ‘ಗೆ’ ಏನೂ ಸೇರಿಸದೆ ಬರೀ ಪದ ಬರೆಯುತ್ತೇನೆ. ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲೂ ಒಂದು ಸಲ. ಯಾವ ಕೀಬೋರ್ಡ್ ತೆರೆದಿದ್ದರೂ ಸಿಗುತ್ತದೆ.

ಆಮೇಲೆ ಆರ್ಕೈವ್. ಡಿಲೀಟ್ ಮಾಡಿದ ಮೇಲ್ 30 ದಿನ ಕಳೆದರೆ ಹೋಯಿತು. ಆರ್ಕೈವ್ ಮಾಡಿದ್ದು ಇನ್‌ಬಾಕ್ಸ್‌ನಿಂದ ಸರಿಯುತ್ತದೆ ಅಷ್ಟೆ, ಹುಡುಕಿದರೆ ಸಿಗುತ್ತದೆ. 2004ರಲ್ಲಿ ಜಿಮೇಲ್ ಶುರುವಾದಾಗ 1 ಜಿಬಿ ಜಾಗ ಇತ್ತು. ಈಗ ಪುಕ್ಕಟೆ ಸಿಗುವುದು 15 ಜಿಬಿ, ಆದರೆ ಅದರಲ್ಲಿ ಫೋಟೋ, ಡ್ರೈವ್ ಎಲ್ಲಕ್ಕೂ ಪಾಲಿದೆ. ಜಾಗ ತುಂಬಿದಾಗ ಸುಮ್ನೆ ಹಳೇ ಮೇಲ್ ಅಳಿಸಬೇಡಿ. 10 ಎಂಬಿಗಿಂತ ದೊಡ್ಡದನ್ನು ಮಾತ್ರ ಹುಡುಕಿ ನೋಡಿ. ಜಾಗ ಜಾಸ್ತಿ ತಿನ್ನುವುದು ಅವೇ.

‘ಬಿಲ್ ನೋಡಲು ಇಲ್ಲಿ ಒತ್ತಿ’ ಅನ್ನೋ ಮೇಲ್‌ಗಳನ್ನು ನಾನು ನಂಬುವುದಿಲ್ಲ. ವರ್ಷವಾದ ಮೇಲೆ ಆ ಲಿಂಕ್ ತೆರೆಯದೇ ಇರಬಹುದು. ಅವತ್ತೇ ಪಿಡಿಎಫ್ ಇಳಿಸಿಕೊಂಡು ನನಗೇ ಕಳಿಸಿಕೊಳ್ಳುತ್ತೇನೆ. ಸಂಬಳದ ಸ್ಲಿಪ್, ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಫಾರ್ಮ್ 16 ಕೂಡ ಹಾಗೇ. ಹಳೇ ಕೆಲಸ ಬಿಟ್ಟ ದಿನವೇ ಆಫೀಸಿನ ಮೇಲ್ ಬಂದ್ ಆಯಿತು, ಮೂರು ವರ್ಷದ ಸ್ಲಿಪ್ ಅದರಲ್ಲೇ ಉಳಿದವು. ಮನೆ ಸಾಲಕ್ಕೆ ಅಲೆಯುವಾಗ ಅದರ ಬೆಲೆ ಗೊತ್ತಾಯಿತು.

ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ನಮ್ಮ ಡೇಟಾ ಇಳಿಸಿಕೊಳ್ಳಲು ಗೂಗಲ್ ಕೊಟ್ಟಿರುವ ‘ಟೇಕ್‌ಔಟ್’ನಿಂದ ಎಲ್ಲ ಮೇಲ್‌ಗಳೂ ಒಟ್ಟಿಗಿರುವ ಎಂಬಾಕ್ಸ್ ಅನ್ನೋ ಫೈಲ್ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಅನ್ನೋ ಸಾಫ್ಟ್‌ವೇರ್‌ಗೆ ಅದನ್ನು ಸೇರಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದಬಹುದು.

ಹೋದ ತಿಂಗಳು ತಂಗಿ ಕನ್ನಡಕದ ಅಂಗಡಿಯಿಂದ ಫೋನ್ ಮಾಡಿದಳು. ‘ಅಣ್ಣಾ, ಅಮ್ಮನ ಪವರ್ ಎಷ್ಟು? ಚೀಟಿ ಮನೆಯಲ್ಲೇ ಬಿಟ್ಟು ಬಂದಿದ್ದೀವಿ.’ ‘ಅಮ್ಮ ಕನ್ನಡಕ ಚೀಟಿ’ ಅಂತ ಹುಡುಕಿದೆ. ಅವಳು ಫೋನ್ ಇಡುವ ಮೊದಲೇ ಓದಿ ಹೇಳಿದೆ.