ಅಕ್ಕನ ಮದುವೆ ಡಿವಿಡಿಯಿಂದ ಎಂಪಿ4 ಮಾಡಿದ್ದು

ತೀರ್ಥಹಳ್ಳಿಯ ನಮ್ಮನೆ ಅಟ್ಟದಲ್ಲಿ ಅಕ್ಕನ ಮದುವೆ ಡಿವಿಡಿ ಸಿಕ್ಕಿತು. ಮಳೆಗಾಲದ ಥಂಡಿಗೆ ಮೇಲೆಲ್ಲ ಬೂಷ್ಟು. ಮೆತ್ತನೆ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಒಣಗಿಸಿದೆ. ಸುತ್ತಿ ಸುತ್ತಿ ಉಜ್ಜಬೇಡಿ.

ಮೊದಲು ಡಿಸ್ಕಿನಲ್ಲಿರುವ ವಿಡಿಯೋ_ಟಿಎಸ್ (VIDEO_TS) ಫೋಲ್ಡರನ್ನು ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿ. ಒಳಗಿನ ವಿಒಬಿ ಫೈಲುಗಳಲ್ಲೇ ವಿಡಿಯೋ ಇರೋದು, ಅದೂ ಎಂಪೆಗ್-2 ಎಂಬ ಹಳೆಯ ವಿಡಿಯೋ ರೂಪದಲ್ಲಿ. ಸಾಮಾನ್ಯ ಡಿಸ್ಕಿನಲ್ಲಿ 4.7 ಜಿಬಿವರೆಗೆ ಹಿಡಿಯುತ್ತದೆ. ನಮ್ಮೂರ ನೆಟ್ಟಿನಲ್ಲಿ ಅದನ್ನು ಹಾಗೇ ಅಪ್‌ಲೋಡ್ ಮಾಡೋದು ಸುಮ್ನೆ ಮಾತು, ಅಲ್ವಾ?

ವಿಡಿಯೋ ರೂಪ ಬದಲಿಸಿ ಫೈಲ್ ಚಿಕ್ಕದು ಮಾಡುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಫೋಲ್ಡರ್ ತೆರೆದು ಫೈಲಿಗೆ ಎಂಪಿ4, ವಿಡಿಯೋ ಕುಗ್ಗಿಸುವ ವಿಧಾನಕ್ಕೆ ಎಚ್.264 ಆರಿಸಿ, ಕ್ವಾಲಿಟಿ 20ಕ್ಕೆ ಇಡಿ. ಧಾರೆ ಎರೆಯುವಾಗ ಅಕ್ಕನ ಕೈ ಅಲುಗಿದರೆ ಬಳೆಯ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತಿತ್ತು. ಒಂದು ಬಿಟ್ಟು ಒಂದು ಸಾಲಾಗಿ ಬರುವ ಹಳೆಯ ವಿಡಿಯೋವನ್ನು ಸರಿಮಾಡುವ ಡಿಇಂಟರ್‌ಲೇಸ್ ಆಯ್ಕೆ ಹಾಕಿದ ಮೇಲೆ ಸರಿಹೋಯಿತು. 576 ಸಾಲಿನ ಚಿತ್ರವನ್ನು ಎಚ್‌ಡಿಗೆ ಹಿಗ್ಗಿಸಬೇಡಿ, ಫೈಲ್ ಜಾಸ್ತಿ ದಪ್ಪ ಆಗುತ್ತದೆ ಅಷ್ಟೆ. ನನ್ನದು ಕರೆಂಟ್ ಹೋಗುವ ಮುಂಚೆಯೇ ಅಪ್‌ಲೋಡ್ ಆಯಿತು.