ಬಳ್ಳಾರಿ ಬಿಸಿಲಲ್ಲಿ ಬ್ಯಾಗ್‌ಪೈಪ್ ಕಲಿತದ್ದು

ಕೌಲ್ ಬಜಾರಿನ ಬ್ಯಾಂಡ್ ಸೆಟ್ಟಿನಲ್ಲಿ 15 ವರ್ಷ ಕ್ಲಾರಿನೆಟ್ ನುಡಿಸಿದವನು ನಾನು. ಬ್ಯಾಗ್‌ಪೈಪಿನ ಚೀಲ ನನ್ನ ಕಂಕುಳಿಗೆ ಬರಲು ಮಾತ್ರ ಎಂಟು ತಿಂಗಳು ಕಾಯಬೇಕಾಯಿತು.

ಕಲಿಸಿದವರು ಸೈನ್ಯದ ಪೈಪ್ ಬ್ಯಾಂಡಿನಿಂದ ನಿವೃತ್ತರಾದ ಹವಾಲ್ದಾರರು. ಮೊದಲು ಕೊಟ್ಟದ್ದು ಪ್ರಾಕ್ಟೀಸ್ ಚಾಂಟರ್, ಅಂದರೆ ಚೀಲವಿಲ್ಲದ, ಬೆರಳಾಡಿಸುವ ಬರೀ ಕೊಳವೆ. ಇರುವುದು ಒಂಬತ್ತೇ ಸ್ವರ. ಕೆಳಗಿನ 'ಎ' ಸ್ವರವನ್ನು ಷಡ್ಜ ಮಾಡಿಕೊಂಡರೆ ಹಿಂದೂಸ್ತಾನಿ ಸಂಗೀತದ ಖಮಾಜ್ ಥಾಟಿನ ಸ್ವರಸಾಲು ಸಿಗುತ್ತದೆ, ಅದರ ಕೆಳಗೊಂದು ಕೋಮಲ ನಿಷಾದ. ಕಿವಿಗೆ ಗೊತ್ತಿರುವ ದಾರಿಯೇ ಅಲ್ವಾ? ಕಷ್ಟವೆಲ್ಲ ಬೆರಳಿಗೆ. ಕ್ಲಾರಿನೆಟ್ಟಿನಲ್ಲಿ ನಾಲಿಗೆ ತಾಗಿಸಿ ಸ್ವರ ಬಿಡಿಸುತ್ತೇವೆ. ಇಲ್ಲಿ ರೀಡ್, ಅಂದರೆ ಸ್ವರ ಹೊರಡಿಸುವ ತೆಳು ಪಟ್ಟಿ, ನಾಲಿಗೆಗೆ ಸಿಗುವುದೇ ಇಲ್ಲ. 'ಸಾ ಸಾ' ಅಂತ ಎರಡು ಸಲ ಕೇಳಿಸಬೇಕಾದರೆ ನಡುವೆ ಮೇಲಿನ ಬೆರಳೊಂದನ್ನು ಚಿಟಿಕೆ ಹೊಡೆದಷ್ಟು ಬೇಗ ಎತ್ತಿ ಮುಚ್ಚಬೇಕು. ಗ್ರೇಸ್ ನೋಟ್ ಅಂದರೆ ಅದೇ.

ಚೀಲ ಬಂದಾಗ ಮೂರೂ ಡ್ರೋನ್‌ಗಳಿಗೆ, ಅಂದರೆ ಒಂದೇ ಸ್ವರ ಹಿಡಿದು ನಿಲ್ಲುವ ಶ್ರುತಿ ಕೊಳವೆಗಳಿಗೆ, ಬಿರಡೆ ಹಾಕಿದರು. "ನೀನು ಊದೋದು ಚೀಲಕ್ಕೆ ತಮ್ಮಾ. ಚಾಂಟರಿಗೆ ಊದೋದು ನಿನ್ನ ತೋಳು" ಅಂದರು. ಊದುವಾಗ ತೋಳು ಸಡಿಲ ಬಿಡಬೇಕು, ಉಸಿರು ಎಳೆದುಕೊಳ್ಳುವಾಗ ಒತ್ತಬೇಕು. ಆ ಅದಲುಬದಲಿನಲ್ಲೇ ನನ್ನ ಸ್ವರ ಕುಸಿಯುತ್ತಿತ್ತು.

ಆಗ ಗುರುಗಳು ಗಾರೆ ಕೆಲಸದವರು ಮಟ್ಟ ನೋಡುವ ಪೈಪ್ ತರಿಸಿದರು. ಅದನ್ನು ಜೋತುಬಿದ್ದ ಹಗ್ಗದ ಹಾಗೆ ಗೋಡೆಗೆ ಕಟ್ಟಿ, ಕುಂಕುಮ ಕಲಸಿದ ನೀರು ತುಂಬಿದರು. ಒಂದು ತುದಿ ಡ್ರೋನ್ ಕಿತ್ತ ತೂತಿಗೆ. ಚೀಲ ಒತ್ತಿದರೆ ಒಂದು ಕಡೆಯ ನೀರು ಇನ್ನೊಂದಕ್ಕಿಂತ ಎರಡಡಿ ಮೇಲೇರಿ ಅಲ್ಲೇ ನಿಲ್ಲಬೇಕು. ಮೊದಲ ದಿನ ಒಂದು ಗೇಣು ಏರಿಳಿಯಿತು. ಎರಡು ತಿಂಗಳಿಗೆ ನಾಲ್ಕು ಬೆರಳು. ಆಮೇಲೆ ಒಂದೇ ಬೆರಳಿಗೆ ಬಂತು. ಇಷ್ಟು ಚೆನ್ನಾಗಿ ನನಗೆ ಯಾವ ಮಾತೂ ಕಲಿಸಿರಲಿಲ್ಲ.

ಏಪ್ರಿಲ್ ಬಿಸಿಲಿಗೆ ಚಾಂಟರಿನ ರೀಡ್ ಒಣಗಿತು, ಸ್ವರ ಕೀರಲಾಯಿತು. ಮರ ಕುಗ್ಗಿ ಕೀಲುಗಳ ದಾರವೂ ಸಡಿಲಾಯಿತು. ಈಗ ರೀಡನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ, ಕೀಲಿಗೆ ಮೇಣ ಹಚ್ಚಿದ ದಾರ ಎರಡು ಸುತ್ತು ಜಾಸ್ತಿ.

ಆಮೇಲೆ ಒಂದು ಟೆನರ್ (ಗಿಡ್ಡ) ಡ್ರೋನಿನ ಬಿರಡೆ ತೆಗೆದೆವು. ಷಡ್ಜ ಹಿಡಿದು ನಿಂತೆ. ಅದರ ಕೆಳಗಿನ ಸಪ್ತಕದಲ್ಲಿ ಡ್ರೋನ್ ನುಡಿಯಿತು, ಆದರೆ ಎರಡರ ನಡುವೆ ವೊಂಯ್ ವೊಂಯ್ ಅಂತ ಅಲೆ. ಗುರುಗಳು ಡ್ರೋನಿನ ಮೇಲಿನ ತುಂಡನ್ನು ಕೂದಲೆಳೆಯಷ್ಟು ಜಾರಿಸಿದರು. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತೇಹೋಯಿತು.